ಕಾವಳದ ನೀರು: ಬಲೆ ಕಟ್ಟುವ ಮೊದಲು ಗಾಳಿ ನೋಡಿ

ಪ್ರಶ್ನೆ: ನಮ್ಮ ಮನೆ, ಅಡಕೆ ತೋಟ ಎರಡೂ ಕಣಿವೆಯಲ್ಲಿವೆ. ಚಳಿಗಾಲದಲ್ಲಿ ಬೆಳಗ್ಗೆ ಒಂಬತ್ತಾದರೂ ಕಾವಳ ಬಿಡುವುದಿಲ್ಲ, ಏಪ್ರಿಲ್ ಹೊತ್ತಿಗೆ ಬಾವಿಯ ತಳ ಕಾಣುತ್ತದೆ. ಸಸಿಮಡಿಗೆ ತಂದ ಶೇಡ್ ನೆಟ್ ಉಳಿದಿದೆ. ಅದನ್ನು ಕಟ್ಟಿ ಮಂಜಿನ ನೀರು ಹಿಡಿಯಬಹುದೇ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಕಣಿವೆಯಲ್ಲಿ ಕಟ್ಟಬೇಡಿ, ಶ್ರಮ ದಂಡವಾಗುತ್ತದೆ. ಮಂಜಿನ ಹನಿಯನ್ನು ಬಲೆಯ ಎಳೆಗೆ ತಂದು ಬಡಿಯುವುದು ಗಾಳಿ. ಲೆಕ್ಕ ನೋಡಿ: ಒಂದು ಘನ ಮೀಟರ್ ಮಂಜಿನಲ್ಲಿ 0.2 ಗ್ರಾಂ ನೀರಿದೆ ಎನ್ನಿ. ಗಾಳಿ ಸೆಕೆಂಡಿಗೆ 3 ಮೀಟರ್ ಬೀಸಿದರೆ ಒಂದು ಚದರ ಮೀಟರ್ ಬಲೆಯತ್ತ ಗಂಟೆಗೆ ಸುಮಾರು 2 ಲೀಟರ್ ಬರುತ್ತದೆ. ಐದರಲ್ಲೊಂದು ಪಾಲು ಸಿಕ್ಕರೂ 400 ಮಿಲಿಲೀಟರ್ ಆಯಿತು. ನಿಮ್ಮ ಕಣಿವೆಯ ಚಳಿಗಾಲದ ಕಾವಳವೋ, ಗಾಳಿ ನಿಂತಾಗಲೇ ಹುಟ್ಟುವಂಥದ್ದು. ಚಿಲಿಯ ಚುಂಗುಂಗೊ ಹಳ್ಳಿಗೆ ಬಲೆಯ ನೀರು ದಕ್ಕಿದ್ದು, ಕಡಲ ಮೋಡವನ್ನು ಗಾಳಿ ಗುಡ್ಡದ ನೆತ್ತಿಗೆ ನೂಕುತ್ತಿದ್ದುದರಿಂದ. ಅಲ್ಲಿಯೂ ಸಿಕ್ಕಿದ್ದು ಚದರ ಮೀಟರಿಗೆ ದಿನಕ್ಕೆ ಸರಾಸರಿ 3 ಲೀಟರ್.

ಗಾಳಿ ಬೀಸುವ ದಿಬ್ಬ ನಿಮ್ಮ ಜಾಗದಲ್ಲೇ ಇದ್ದರೆ ಪರೀಕ್ಷೆ ಮಾಡಿ. 1 ಮೀಟರ್ ಉದ್ದ, 1 ಮೀಟರ್ ಅಗಲದ ಚೌಕಟ್ಟಿನ ಕೆಳಅಂಚು ನೆಲದಿಂದ 2 ಮೀಟರ್ ಮೇಲಿರಲಿ, ಮುಖ ಗಾಳಿಗೆ ಎದುರಾಗಿರಲಿ. 35 ಶೇಕಡಾ ನೆರಳಿನ (ನೂರಕ್ಕೆ 35 ಪಾಲು ಬಿಸಿಲು ತಡೆಯುವ) ಬಲೆಯನ್ನು ಎರಡು ಪದರ ಮಾಡಿ ಬಿಗಿಯಾಗಿ ಎಳೆದು ಕಟ್ಟಿ. ನಿಮ್ಮಲ್ಲಿ ಉಳಿದಿರುವುದು 75 ಶೇಕಡಾದ್ದಾದರೆ ಬೇಡ: ಅಷ್ಟು ಒತ್ತಾದ ಬಲೆಯನ್ನು ಗಾಳಿ ಬಳಸಿಕೊಂಡು ಹೋಗುತ್ತದೆ, ಹನಿಯೂ ಅದರ ಜೊತೆಗೇ ಹೋಗುತ್ತದೆ. ಎಳೆ ದಪ್ಪವಾದರೂ ಇದೇ ಪಾಡು. ಕೆಳಗೆ 6 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ದೋಣಿ ಮಾಡಿ, ಕ್ಯಾನಿನ ಕಡೆಗೆ ಸ್ವಲ್ಪ ಇಳಿಜಾರು ಕೊಡಿ. ಗಾಳಿಗೆ ಬಲೆ ಹಿಂದಕ್ಕೆ ಉಬ್ಬುವುದರಿಂದ ದೋಣಿಯನ್ನೂ ಒಂದಿಷ್ಟು ಹಿಂದಕ್ಕೆ ಸರಿಸಿ. ಹೆಚ್ಚಿನವರು ನೀರು ಕಳೆದುಕೊಳ್ಳುವುದು ಇಲ್ಲಿಯೇ. ದಿನವೂ ಒಂದೇ ಹೊತ್ತಿಗೆ ಅಳೆಯಿರಿ, ಪಕ್ಕದಲ್ಲಿ ಮಳೆಮಾಪಕ ಇರಲಿ. ಮಳೆ ಬಿದ್ದ ದಿನದ ನೀರನ್ನು ಮಂಜಿನ ಲೆಕ್ಕಕ್ಕೆ ಸೇರಿಸಬೇಡಿ.

ಸಣ್ಣ ಕಣ್ಣಿನ ಬಲೆಯಲ್ಲಿ ಇನ್ನೊಂದು ತೊಡಕಿದೆ. ಹನಿ ಕಣ್ಣಿನಲ್ಲೇ ಕೂತು ಗಾಳಿಗೆ ದಾರಿ ಮುಚ್ಚುತ್ತದೆ. ಅದಕ್ಕೇ ಸಂಶೋಧಕರು ಅಡ್ಡ ಎಳೆ ಬಿಟ್ಟು, ವೀಣೆಯ ತಂತಿಯಂತೆ ಬರೀ ಲಂಬ ತಂತಿ ಕಟ್ಟಿ ನೋಡಿದ್ದಾರೆ. ಹನಿ ಅಡ್ಡಿಯಿಲ್ಲದೆ ಜಾರುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2013ರಲ್ಲಿ, ನೀರು ಅಂಟದ ಲೇಪನವಿರುವ ತೆಳು ಸ್ಟೀಲ್ ಜಾಲರಿ ಮಾಮೂಲಿ ಬಲೆಯ ಐದು ಪಟ್ಟು ನೀರು ಹಿಡಿಯಬಲ್ಲದು ಎಂದು ತೋರಿಸಿದರು.

ಆದರೆ ಘಟ್ಟದ ನೆತ್ತಿಗೆ ಮೋಡ ಹೆಚ್ಚು ತಾಗುವುದು ಮಳೆಗಾಲದಲ್ಲಿ. ಆಗ 100 ಚದರ ಮೀಟರ್ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೂ 1,000 ಲೀಟರ್. ಏಪ್ರಿಲ್‌ನ ಬಾವಿಗೆ ನಾವು ಮೊದಲು ಹೇಳುವುದು ಮಾಡಿನ ನೀರು ಇಂಗಿಸಿ ಎಂದು.

ಪ್ರಶ್ನೆ: ಬಲೆಯ ಬದಲು ಗೋಣಿತಾಟು ಕಟ್ಟಿದರೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಆಗದು. ಸೆಣಬು ನೀರನ್ನು ತಾನೇ ಕುಡಿಯುತ್ತದೆ, ಪೂರ್ತಿ ನೆನೆಯುವವರೆಗೆ ತೊಟ್ಟಿಕ್ಕುವುದಿಲ್ಲ. ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ.