ಯುದ್ಧದ ಸಿನಿಮಾ ನೋಡಿದ ಮೇಲೆ ಸೈನಿಕರು ಬರೆದ ಪುಸ್ತಕ ಓದುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ದಾವಣಗೆರೆಯ ಹಾಸ್ಟೆಲಿನಲ್ಲಿ ಗೆಳೆಯರ ಜೊತೆ ‘ಬಾರ್ಡರ್’ ನೋಡಿದಿರಿ. ಊರಿಗೆ ಹೋದಾಗ ಮಿಲಿಟರಿಯಿಂದ ನಿವೃತ್ತರಾದ ನಿಮ್ಮ ದೊಡ್ಡಪ್ಪ “ಅದು ಹಂಗಿರಲ್ಲ ಬಿಡಪ್ಪ” ಅಂದು ಸುಮ್ಮನಾದರು. ಹಾಗಾದರೆ ಹೇಗಿರುತ್ತದೆ, ಸೈನಿಕರೇ ಬರೆದ ಪುಸ್ತಕಗಳಿಗೂ ಸಿನಿಮಾಕ್ಕೂ ಎಲ್ಲೆಲ್ಲಿ ವ್ಯತ್ಯಾಸ, ಹೋಲಿಸಿ ನೋಡುವುದು ಹೇಗೆ ಎಂದು ಕೇಳಿದ್ದೀರಿ.

ಸಿನಿಮಾದವರು ಧೈರ್ಯವನ್ನು ಉಬ್ಬಿಸಿ ತೋರಿಸುತ್ತಾರೆ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಪುಸ್ತಕಗಳಲ್ಲಿರುವ ಧೈರ್ಯ ಎಷ್ಟೋ ಸಲ ತೆರೆಯ ಮೇಲಿನದಕ್ಕಿಂತ ಹೆಚ್ಚೇ ಇದೆ. ಸಿನಿಮಾ ಕತ್ತರಿಸಿ ಬಿಸಾಡುವುದು ದುಡಿಮೆಯನ್ನು. ಹೊರುವುದು, ಅಗೆಯುವುದು, ನೀರಿಗೆ ಪರದಾಡುವುದು, ರಾತ್ರಿಯಿಡೀ ಕಾಯುವುದು. ಹಾಗೆ ಖಾಲಿಯಾದ ಜಾಗಕ್ಕೆ ಒಂದಿಷ್ಟು ಸಾವು, ಒಬ್ಬ ಖಾಸಾ ಶತ್ರು ಬಂದು ಕೂರುತ್ತಾರೆ.

ನೀವು ನೋಡಿದ ಸಿನಿಮಾದಿಂದಲೇ ಶುರು ಮಾಡೋಣ. ‘ಬಾರ್ಡರ್’ ತೋರಿಸುವ ಕಾಳಗ ರಾಜಸ್ಥಾನದ ಗಡಿಯ ಲೋಂಗೇವಾಲಾ ಠಾಣೆಯದು, ನಡೆದದ್ದು 1971ರ ಡಿಸೆಂಬರ್ 4ರ ರಾತ್ರಿಯಿಂದ 5ರ ಹಗಲಿನವರೆಗೆ. ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ಕೈಕೆಳಗೆ 23 ಪಂಜಾಬ್ ಪಡೆಯ ಒಂದು ಕಂಪನಿ, ಸುಮಾರು 120 ಜನ. ಎದುರಿಗೆ ಪಾಕಿಸ್ತಾನದ ಟ್ಯಾಂಕುಗಳ ದಂಡು. ಇಷ್ಟೂ ನಿಜ. ಸಿನಿಮಾದಲ್ಲಿ ನಮ್ಮ ಕಡೆಯವರು ಒಬ್ಬರ ಮೇಲೊಬ್ಬರು ಬೀಳುತ್ತಾ ಹೋಗುತ್ತಾರೆ. ನಿಜದಲ್ಲಿ ಆ ರಾತ್ರಿ ಠಾಣೆಯಲ್ಲಿ ತೀರಿಕೊಂಡವರು ಇಬ್ಬರು. ಗಸ್ತು ತಿರುಗುತ್ತಿದ್ದಾಗ ಟ್ಯಾಂಕುಗಳ ಸದ್ದು ಕೇಳಿ ಸುದ್ದಿ ಮುಟ್ಟಿಸಿದ ಲೆಫ್ಟಿನೆಂಟ್ ಧರಮ್ ವೀರ್ ಸಿನಿಮಾದಲ್ಲಿ ಸಾಯುತ್ತಾರೆ, ನಿಜದಲ್ಲಿ ಬದುಕಿ ಮುಂದೆಯೂ ಸೇವೆಯಲ್ಲಿದ್ದರು. ಸುನೀಲ್ ಶೆಟ್ಟಿ ಮಾಡಿದ ಪಾತ್ರಕ್ಕೆ ಮೂಲವಾದ ಗಡಿ ಭದ್ರತಾ ಪಡೆಯ ಭೈರೋಂ ಸಿಂಗ್ ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ, ಜೋಧಪುರದ ಆಸ್ಪತ್ರೆಯಲ್ಲಿ. 1997ರಲ್ಲಿ ತೆರೆಯ ಮೇಲೆ ತನ್ನ ಸಾವು ಕಂಡ ಮನುಷ್ಯ ಅದಾದ ಮೇಲೆ ಇಪ್ಪತ್ತೈದು ವರ್ಷ ಬದುಕಿದ್ದರು. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಇಷ್ಟು ಕಡಿಮೆ ಜನ ಸತ್ತದ್ದು ಹೇಗೆ ಎಂದು ಕೇಳಿಕೊಂಡರೆ ನಿಜವಾದ ಯುದ್ಧ ಕಾಣತೊಡಗುತ್ತದೆ. ಠಾಣೆ ಎತ್ತರದ ಮರಳುದಿಬ್ಬದ ಮೇಲಿತ್ತು. ಸುತ್ತಲೂ ಮುಳ್ಳುತಂತಿ. ಆ ತಂತಿ ಕಂಡ ಎದುರಾಳಿಗಳು ಒಳಗೆ ನೆಲಬಾಂಬ್ ಹೂತಿದ್ದಾರೆಂದು ತಿಳಿದು ನಿಂತುಬಿಟ್ಟರು, ಹುಡುಕುವುದರಲ್ಲೇ ಕತ್ತಲು ಸರಿದುಹೋಯಿತು. ಮರಳಿನಲ್ಲಿ ವಾಹನಗಳು ಹೂತುಕೊಂಡವು. ನಮ್ಮ ಹಂಟರ್ ವಿಮಾನಗಳಿಗೆ ರಾತ್ರಿ ಹೊತ್ತು ಗುರಿ ಹುಡುಕುವ ಸಲಕರಣೆ ಇರಲಿಲ್ಲ. ಹಾಗಾಗಿ ಬೆಳಕು ಹರಿಯುವ ತನಕ ಕಂಪನಿ ಮಾಡಬೇಕಿದ್ದ ಕೆಲಸ ಒಂದೇ, ಜಾಗ ಬಿಡದೆ ಕೂರುವುದು. ಬೆಳಿಗ್ಗೆ ಜೈಸಲ್ಮೇರಿನಿಂದ ಹಂಟರ್‌ಗಳು ಬಂದಾಗ ಬಯಲು ಮರಳಿನಲ್ಲಿ ಟ್ಯಾಂಕುಗಳಿಗೆ ಮರೆಯೇ ಇರಲಿಲ್ಲ.

ಜೀಪಿನ ಮೇಲೆ ಕೂರಿಸಿದ್ದ, ಟ್ಯಾಂಕ್ ಒಡೆಯುವ 106 ಮಿ.ಮೀ. ಆರ್‌ಸಿಎಲ್ ತೋಪನ್ನು ಗಮನಿಸಿ. ಅದರ ಹಿಂಬದಿ ತೆರೆದೇ ಇರುತ್ತದೆ. ಗುಂಡು ಮುಂದೆ ಹೋಗುವಾಗ ಬೆಂಕಿ, ಅನಿಲ ಹಿಂದಕ್ಕೆ ನುಗ್ಗುತ್ತವೆ, ಹಿಂದೆ ಯಾರಾದರೂ ನಿಂತಿದ್ದರೆ ಸುಟ್ಟುಹೋಗುತ್ತಾರೆ. ಮರಳುಗಾಡಿನಲ್ಲಿ ಧೂಳಿನ ದೊಡ್ಡ ಮೋಡವೇ ಏಳುವುದರಿಂದ ಎಲ್ಲಿಂದ ಹೊಡೆದರು ಎಂದು ಶತ್ರುವಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಆದ್ದರಿಂದ ಹೊಡೆದ ತಕ್ಷಣ ಜಾಗ ಬದಲಿಸಬೇಕು. ಸಿನಿಮಾದಲ್ಲಿ ಇಂಥ ಆಯುಧಗಳ ಹಿಂದೆ ಎಷ್ಟು ಜನ ನಿಂತಿರುತ್ತಾರೆ ಎಂದು ಒಮ್ಮೆ ಎಣಿಸಿ.

ಇನ್ನು ಗುಂಡಿನ ಲೆಕ್ಕ. ಎಕೆ ಬಂದೂಕಿನ ಮ್ಯಾಗಜಿನ್‌ನಲ್ಲಿ 30 ಗುಂಡು, ಬಿಟ್ಟೂ ಬಿಡದೆ ಹಾರಿಸಿದರೆ ನಿಮಿಷಕ್ಕೆ 600ರ ವೇಗ. ಅಂದರೆ ಮೂರು ಸೆಕೆಂಡಿಗೆ ಖಾಲಿ. ನಾಯಕ ಅರ್ಧ ನಿಮಿಷ ಒಂದೇ ಸಮ ಹಾರಿಸಿದರೆ ಹತ್ತು ಮ್ಯಾಗಜಿನ್ ಬೇಕು. ಗ್ರೆನೇಡಿನ ಪಿನ್ನನ್ನು ಹಲ್ಲಿನಿಂದ ಕೀಳುವ ದೃಶ್ಯ ನೋಡಿರುತ್ತೀರಿ. ಸಾಗಿಸುವಾಗ ಜಾರದಿರಲೆಂದು ಆ ಪಿನ್ನಿನ ತುದಿಗಳನ್ನು ಬಗ್ಗಿಸಿರುತ್ತಾರೆ, ಹಲ್ಲಿಗೆ ಕೊಟ್ಟರೆ ಮುರಿಯುವುದು ಹಲ್ಲೇ. ಸಿಡಿದಾಗಲೂ ಬೆಂಕಿಯ ಉಂಡೆ ಏಳುವುದಿಲ್ಲ. ಕಪ್ಪು ಹೊಗೆ, ಧೂಳು, ಚೂರು, ಅಷ್ಟೇ.

ಸದ್ದಿನ ವಿಷಯವೂ ಹಾಗೇ. ಗುಂಡು ಶಬ್ದಕ್ಕಿಂತ ವೇಗವಾಗಿ ಬರುವುದರಿಂದ ತಲೆಯ ಬಳಿ ಹಾದುಹೋಗುವ ‘ಚಟ್’ ಮೊದಲು, ಬಂದೂಕಿನ ‘ಧಡ್’ ಆಮೇಲೆ. ಈ ಎರಡರ ನಡುವಿನ ಅಂತರ ಹಿಡಿದು ಶತ್ರು ಎಷ್ಟು ದೂರದಲ್ಲಿದ್ದಾನೆ ಎಂದು ಅಂದಾಜು ಮಾಡುವುದನ್ನು ಸೈನಿಕರಿಗೆ ಕಲಿಸುತ್ತಾರೆ. ಸಿನಿಮಾದಲ್ಲಿ ಎರಡೂ ಸೇರಿ ಒಂದೇ ‘ಢಂ’.

ಪರ್ವತದ ಯುದ್ಧದಲ್ಲಿ ಕತ್ತರಿ ಇನ್ನೂ ಜೋರು. ಕಾರ್ಗಿಲ್‌ನ ಪಾಯಿಂಟ್ 5140 ಎಂಬ ಶಿಖರದ ಹೆಸರಿನಲ್ಲಿರುವ ಅಂಕಿ ಅದರ ಎತ್ತರವೇ, ಮೀಟರಿನಲ್ಲಿ. ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ನಾಲ್ಕು ಪಟ್ಟಿನ ಆಸುಪಾಸು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಸೇನೆಯ ಪದ್ಧತಿಯಂತೆ 9,000ದಿಂದ 12,000 ಅಡಿಯಲ್ಲಿ ಆರು ದಿನ, ಅಲ್ಲಿಂದ 15,000ದವರೆಗೆ ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು ದಿನ ಮೈ ಒಗ್ಗಿಸಿಕೊಳ್ಳಬೇಕು. ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬಿ, ಗುಂಡೇಟು ಬೀಳುವ ಮೊದಲೇ ಆಳು ಹೋಗುತ್ತಾನೆ. ಅರ್ಧ ಚೀಲ ಯೂರಿಯಾ ಬೆನ್ನಿಗೆ ಕಟ್ಟಿಕೊಂಡು, ಅರ್ಧ ಉಸಿರಿನಲ್ಲಿ, ಕತ್ತಲಲ್ಲಿ ಜಾರುಬಂಡೆ ಹತ್ತುವುದನ್ನು ಊಹಿಸಿಕೊಳ್ಳಿ. ಓಡುತ್ತಾ ಘೋಷಣೆ ಕೂಗುವಷ್ಟು ಉಸಿರು ಎಲ್ಲಿಂದ ಬರಬೇಕು?

ದುಡಿಮೆಯನ್ನು ಹತ್ತಿರದಿಂದ ಕಾಣಲು ನಾನು ಎಲ್ಲರಿಗೂ ಹೇಳುವ ಪುಸ್ತಕ ಎರಡನೇ ಮಹಾಯುದ್ಧದಲ್ಲಿ ಕಾದಿದ ಅಮೆರಿಕದ ಯುಜೀನ್ ಸ್ಲೆಡ್ಜ್ ಅವರ ‘ವಿತ್ ದ ಓಲ್ಡ್ ಬ್ರೀಡ್’, 1981ರಲ್ಲಿ ಬಂದದ್ದು. ಅವರು 60 ಮಿ.ಮೀ. ಮಾರ್ಟರ್ (ಹೊತ್ತೊಯ್ಯುವ ಸಣ್ಣ ತೋಪು) ತಂಡದವರು. ಜೇಬಿನಲ್ಲಿದ್ದ ಪುಟ್ಟ ಬೈಬಲ್ಲಿನಲ್ಲಿ ಕದ್ದುಮುಚ್ಚಿ ಟಿಪ್ಪಣಿ ಬರೆದುಕೊಂಡಿದ್ದರು. 1944ರ ಸೆಪ್ಟೆಂಬರ್ 15ರಂದು ಪೆಸಿಫಿಕ್ ಸಾಗರದ ಪೆಲೆಲಿಯು ದ್ವೀಪಕ್ಕೆ ಇಳಿದಾಗ ಅವರ ಕಂಪನಿಯಲ್ಲಿ 235 ಜನ, ಗಾಯವಿಲ್ಲದೆ ಹೊರಬಂದವರು 85. ಬಿಸಿಲು ನಮ್ಮ ಏಪ್ರಿಲ್ ತಿಂಗಳನ್ನೂ ಮೀರಿಸುವಂಥದ್ದು. ಕುಡಿಯುವ ನೀರು ಬಂದದ್ದು ಸರಿಯಾಗಿ ತೊಳೆಯದ ಎಣ್ಣೆ ಡ್ರಮ್ಮುಗಳಲ್ಲಿ, ಕುಡಿದವರಿಗೆ ಹೊಟ್ಟೆ ತೊಳೆಸಿತು. ನೆಲ ಹವಳದ ಕಲ್ಲು, ಗುದ್ದಲಿ ಇಳಿಯುವುದಿಲ್ಲ. ಗುಂಡಿ ತೋಡಲಾಗದ ಕಡೆ ಅಡಗುವುದಕ್ಕೂ ಆಗುವುದಿಲ್ಲ, ಹೆಣ ಹೂಳುವುದಕ್ಕೂ ಆಗುವುದಿಲ್ಲ, ಮಲ ಮುಚ್ಚುವುದಕ್ಕೂ ಆಗುವುದಿಲ್ಲ. ನೊಣ ಎಷ್ಟು ಮುತ್ತಿತ್ತೆಂದು ಪುಟಗಟ್ಟಲೆ ಇದೆ. ವಾಸನೆಯನ್ನು ಕ್ಯಾಮೆರಾ ಹಿಡಿಯಲಾರದು, ಆದರೆ ನಿಮ್ಮ ದೊಡ್ಡಪ್ಪನಂಥವರಿಗೆ ಮೊದಲು ನೆನಪಾಗುವುದು ಅದೇ ಇರಬಹುದು.

ಅದೇ ಪುಸ್ತಕದಲ್ಲಿ ಸ್ಲೆಡ್ಜ್ ಸತ್ತ ಜಪಾನಿ ಸೈನಿಕನ ಚಿನ್ನದ ಹಲ್ಲು ಕೀಳಲು ಹೊರಡುತ್ತಾರೆ. ತಂಡದ ವೈದ್ಯ ಸಹಾಯಕ ತಡೆದು, ಬೇಡ, ಕ್ರಿಮಿ ಅಂಟುತ್ತದೆ ಎನ್ನುತ್ತಾನೆ. ಕ್ರಿಮಿಯ ಮಾತು ಒಂದು ನೆಪ, ಸ್ಲೆಡ್ಜ್ ಮನುಷ್ಯತ್ವ ಕಳೆದುಕೊಳ್ಳದಿರಲಿ ಎಂದು ಆತ ಹಾಗಂದ ಎಂದು ಅವರಿಗೆ ಆಮೇಲೆ ಹೊಳೆಯುತ್ತದೆ. 2010ರ ‘ದ ಪೆಸಿಫಿಕ್’ ಧಾರಾವಾಹಿ ಈ ಮಾತನ್ನು ಉಳಿಸಿಕೊಂಡಿತು, ಆದರೆ ಆಡಿಸಿದ್ದು ಸ್ವತಃ ಹಲ್ಲು ಕೀಳುವ ಒರಟು ಜೊತೆಗಾರನ ಬಾಯಲ್ಲಿ. ದೃಶ್ಯಕ್ಕೆ ಬಲ ಬಂತು ನಿಜ. ಆ ವೈದ್ಯ ಸಹಾಯಕನ ಪಾಲಿನ ಒಳ್ಳೆಯತನ ಮಾತ್ರ ಬೇರೆಯವನ ಲೆಕ್ಕಕ್ಕೆ ಹೋಯಿತು.

ಖಾಸಾ ಶತ್ರುವಿಗೆ ಉದಾಹರಣೆ ‘ಅಮೆರಿಕನ್ ಸ್ನೈಪರ್’. 2014ರ ಸಿನಿಮಾದುದ್ದಕ್ಕೂ ಮುಸ್ತಫಾ ಎಂಬ ಗುರಿಕಾರ ನಾಯಕನಿಗೆ ಎದುರಾಳಿ, ಕೊನೆಗೆ ಎರಡು ಕಿಲೋಮೀಟರ್ ಹತ್ತಿರದ ದೂರದಿಂದ ಗುಂಡು ಅವನಿಗೇ. ಆ ನಾಯಕನಿಗೆ ಮೂಲವಾದ ಸೈನಿಕ ಕ್ರಿಸ್ ಕೈಲ್ ಬರೆದ ಪುಸ್ತಕದಲ್ಲಿ ಮುಸ್ತಫಾ ಬಂದುಹೋಗುವುದು ಕೆಲವೇ ಸಾಲುಗಳಲ್ಲಿ. ಆ ದೂರದ ಗುಂಡು ಬಿದ್ದದ್ದು ರಾಕೆಟ್ ಲಾಂಚರ್ ಹಿಡಿದಿದ್ದ, ಹೆಸರೂ ಗೊತ್ತಿಲ್ಲದ ಒಬ್ಬನಿಗೆ. ಕೊನೆಯನ್ನು ಬದಲಿಸುವುದಕ್ಕೆ ಉದಾಹರಣೆಯಾಗಿ ವಿಯೆಟ್ನಾಂ ಯುದ್ಧದ ‘ವಿ ವರ್ ಸೋಲ್ಜರ್ಸ್’ ನೋಡಿ. ಸಿನಿಮಾದ ಕೊನೆಯಲ್ಲಿ ಬಯೊನೆಟ್ ಹಿಡಿದು ನುಗ್ಗಿ ಶತ್ರು ನೆಲೆಯನ್ನೇ ಗೆಲ್ಲುವ ದಾಳಿ ನಡೆದೇ ಇಲ್ಲ. ಆ ಕಾಳಗದ ಸೇನಾಧಿಕಾರಿ ಹ್ಯಾಲ್ ಮೂರ್ ಮತ್ತು ಪತ್ರಕರ್ತ ಜೋ ಗ್ಯಾಲೊವೆ ಬರೆದ ಮೂಲ ಪುಸ್ತಕದಲ್ಲಿ ಕಾಳಗ ಮುಗಿದ ಮರುದಿನ, 1965ರ ನವೆಂಬರ್ 17ರಂದು, ಪಕ್ಕದ ಬೆಟಾಲಿಯನ್ ಹೊಂಚುದಾಳಿಗೆ ಸಿಕ್ಕಿ 150ಕ್ಕೂ ಹೆಚ್ಚು ಜನ ಸತ್ತ ದೊಡ್ಡ ಭಾಗವಿದೆ. ಸಿನಿಮಾ ಅದರ ಮೊದಲೇ ಮುಗಿಯುತ್ತದೆ.

ಹಾಗೆಂದು ಪುಸ್ತಕವನ್ನು ಕಣ್ಣುಮುಚ್ಚಿ ನಂಬಬೇಡಿ. ಬ್ರಿಗೇಡಿಯರ್ ಜಾನ್ ದಳವಿ 1962ರಲ್ಲಿ ನಾಮ್ಕಾ ಚೂ ನದಿಯ ದಂಡೆಯಲ್ಲಿ ತಮ್ಮ ಬ್ರಿಗೇಡ್ ಕಳೆದುಕೊಂಡು ಚೀನೀಯರ ಸೆರೆಯಾದವರು. ‘ಹಿಮಾಲಯನ್ ಬ್ಲಂಡರ್’ ಬರೆದದ್ದು ತಪ್ಪು ಯಾರದ್ದೆಂದು ಹೇಳಲಿಕ್ಕೆ, ಆ ಸಿಟ್ಟು ಪುಟಪುಟದಲ್ಲೂ ಇದೆ. ಹೊಣೆ ಯಾರ ಮೇಲೆ ಎಂಬ ಅವರ ತೀರ್ಮಾನಗಳನ್ನು ತೂಗಿ ನೋಡಿ, ಸಾಮಾನಿನ ವಿವರಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹತ್ತಿ ಬಟ್ಟೆ, ಕ್ಯಾನ್ವಾಸ್ ಬೂಟು, ತಲಾ 50 ಗುಂಡು, ವಿಮಾನದಿಂದ ಬಿಟ್ಟ ಸಾಮಾನು ಕಣಿವೆ ಪಾಲು. ಆ 50 ಗುಂಡನ್ನು ಲೆಕ್ಕ ಹಾಕಿ. ಪಳಗಿದ ಕೈ ಪಾಯಿಂಟ್ 303 ರೈಫಲ್‌ನಿಂದ ನಿಮಿಷಕ್ಕೆ 15 ಹಾರಿಸುತ್ತದೆ. ಮೂರೂವರೆ ನಿಮಿಷ ಕಳೆಯುವಷ್ಟರಲ್ಲಿ ಚೀಲ ಖಾಲಿ.

ಈ ಪುಸ್ತಕವನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದಿದ್ದಾರೆ, ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ. ಓದುವಾಗ ಇಡೀ ಸಿನಿಮಾದ ಜೊತೆ ಹೋಲಿಸಲು ಹೋಗಬೇಡಿ, ಗೊಂದಲವಾಗುತ್ತದೆ. ಒಂದೇ ದೃಶ್ಯ ಆರಿಸಿಕೊಂಡು ಅದೇ ಗಳಿಗೆಯ ಪುಟಗಳನ್ನು ಪಕ್ಕಕ್ಕಿಡಿ. ಗಡಿಯಾರದಲ್ಲಿ ಎಷ್ಟು ಹೊತ್ತು, ಬೆಳಕಿತ್ತೋ ಕತ್ತಲೋ, ಶತ್ರು ಎಷ್ಟು ದೂರದಲ್ಲಿದ್ದ, ಬೆನ್ನ ಮೇಲೆ ಏನಿತ್ತು, ಆ ಕೆಲಸ ನಿಜವಾಗಿ ಮಾಡಿದವರು ಯಾರು ಎಂದು ಬರೆದುಕೊಳ್ಳಿ. ಕೊನೆಯ ಪ್ರಶ್ನೆಗೇ ಹೆಚ್ಚು ವ್ಯತ್ಯಾಸ ಸಿಗುತ್ತದೆ.

ದೊಡ್ಡಪ್ಪನ ಹತ್ತಿರ ಮತ್ತೆ ಕೂತಾಗ ಎಷ್ಟು ಜನರನ್ನು ಹೊಡೆದಿರಿ ಎಂದು ದಯವಿಟ್ಟು ಕೇಳಬೇಡಿ. ನೀರು ಎಲ್ಲಿಂದ ತರುತ್ತಿದ್ದಿರಿ, ಬೂಟು ಹೇಗಿತ್ತು, ರಾತ್ರಿ ಪಾಳಿ ಎಷ್ಟು ಗಂಟೆ, ಊರಿನ ಕಾಗದ ಎಷ್ಟು ದಿನಕ್ಕೆ ಬರುತ್ತಿತ್ತು ಎಂದು ಕೇಳಿ. ಅವರು ಸುಮ್ಮನಾದರೆ ನೀವೂ ಸುಮ್ಮನೆ ಕೂತಿರಿ.