ಓದುಗರ ಪ್ರಶ್ನೆ: ಧೂಳು ಜಾಸ್ತಿಯಾದರೆ ಮಳೆಯೂ ಜಾಸ್ತಿಯಾ?

ಈ ಸಲ ಬಂದ ಪತ್ರಗಳಲ್ಲಿ ಹೊಗೆ, ಧೂಳು, ಮೋಡದ ಪ್ರಶ್ನೆಗಳೇ ಹೆಚ್ಚು. ಹಾಗಾಗಿ ನಾಲ್ಕನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ. ಸಕ್ಕರೆ ಕಾಯಿಲೆಗೆ ಯಾವ ಹಣ್ಣು ಒಳ್ಳೆಯದು ಎಂದು ಬರೆದವರು ದಯವಿಟ್ಟು ಪಕ್ಕದ ಪುಟದ ಡಾಕ್ಟರನ್ನು ಕೇಳಿ. ನಾನು ಫಿಸಿಕ್ಸ್ ಮೇಡಂ.

ಪ್ರಶ್ನೆ: ನಮ್ಮ ಕಡೆ ಕ್ರಷರ್ ಧೂಳು, ಲಾರಿ ಹೊಗೆ ವಿಪರೀತ. ಮೋಡ ಆಗಲು ಧೂಳಿನ ಕಣ ಬೇಕು ಎಂದು ಶಾಲೆಯಲ್ಲಿ ಓದಿದ ನೆನಪು. ಹಾಗಾದರೆ ನಮ್ಮಲ್ಲಿ ಮಳೆ ಜಾಸ್ತಿ ಬರಬೇಕಿತ್ತಲ್ವಾ?
– ರೈತರೊಬ್ಬರು, ಚಿಕ್ಕಬಳ್ಳಾಪುರ

ಓದಿದ್ದು ಸರಿ. ಆದರೆ ಅದು ಅರ್ಧ ಪಾಠ.

ಆ ಅರ್ಧವನ್ನು ಮೊದಲು ಕಣ್ಣಾರೆ ನೋಡಿಬಿಡಿ. ಒಂದು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ತಳ ಮುಚ್ಚುವಷ್ಟು ಬೆಚ್ಚಗಿನ ನೀರು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಎರಡೂ ಕೈಯಿಂದ ಗಟ್ಟಿಯಾಗಿ ಹಿಚುಕಿ, ತಟ್ಟನೆ ಬಿಡಿ. ಹೆಚ್ಚೇನೂ ಕಾಣುವುದಿಲ್ಲ. ಈಗ ಮುಚ್ಚಳ ತೆಗೆಯಿರಿ. ಬೆಂಕಿಕಡ್ಡಿ ಗೀರಿ, ಆರಿಸಿ, ಬಾಟಲಿಯ ಬಾಯಿಗೆ ಹಿಡಿಯಿರಿ. ಬಾಟಲಿಯನ್ನು ಮೆಲ್ಲಗೆ ಒತ್ತಿ ಬಿಟ್ಟರೆ ಹೊಗೆಯನ್ನು ಅದೇ ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ಮುಚ್ಚಿ, ಹಿಚುಕಿ, ಬಿಡಿ. ಬಾಟಲಿ ತುಂಬ ಬೆಳ್ಳನೆಯ ಮೋಡ! ಹಿಚುಕಿದರೆ ಮಾಯ, ಬಿಟ್ಟರೆ ಹಾಜರ್. ಬಿಟ್ಟಾಗ ಒಳಗಿನ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಆವಿ ಹೊಗೆಯ ಕಣಗಳ ಮೇಲೆ ಹನಿಗಟ್ಟುತ್ತದೆ. ಕಣವೇ ಇಲ್ಲದ ಗಾಳಿಯಲ್ಲಿ ಆವಿ ತಾನಾಗಿಯೇ ಹನಿಗಟ್ಟಬೇಕಾದರೆ ತೇವಾಂಶ ಶೇ. 100 ಇದ್ದರೆ ಸಾಲದು, ಹಲವು ನೂರು ಬೇಕು. ಅಷ್ಟು ತೇವ ನಮ್ಮ ಆಕಾಶದಲ್ಲಿ ಎಲ್ಲೂ ಇರುವುದಿಲ್ಲ.

ಇನ್ನರ್ಧ ಹೀಗೆ. ಮೋಡದಲ್ಲಿರುವ ನೀರು ಅಷ್ಟೇ. ಕಣ ಜಾಸ್ತಿಯಾದರೆ ಅದೇ ನೀರು ಜಾಸ್ತಿ ಹನಿಗಳಿಗೆ ಹಂಚಿಹೋಗುತ್ತದೆ. ನಾಲ್ಕು ಮುದ್ದೆ ಕಟ್ಟುವ ಹಿಟ್ಟಿನಲ್ಲಿ ನಾನೂರು ಗೋಲಿ ಕಟ್ಟಿದ ಹಾಗೆ. ಮೋಡದ ಒಂದು ಹನಿಯ ದಪ್ಪ ಸುಮಾರು 0.02 ಮಿಲಿಮೀಟರ್. ಮಳೆಹನಿ ಸುಮಾರು 2 ಮಿಲಿಮೀಟರ್. ಲೆಕ್ಕ ಹಾಕಿ ನೋಡಿ, ಒಂದು ಮಳೆಹನಿಗೆ ಹತ್ತು ಲಕ್ಷ ಮೋಡದ ಹನಿ ಬೇಕು. ದಪ್ಪ ಹನಿ ಬೀಳುತ್ತಾ ಸಣ್ಣದಕ್ಕೆ ಡಿಕ್ಕಿ ಹೊಡೆದು, ಅದನ್ನೂ ಸೇರಿಸಿಕೊಂಡು ಬೆಳೆಯುತ್ತದೆ. ಎಲ್ಲವೂ ಪುಡಿಪುಡಿಯಾದರೆ ಬೀಳುವುದೂ ಇಲ್ಲ, ಡಿಕ್ಕಿಯೂ ಇಲ್ಲ. ಸುಮ್ನೆ ತೇಲುತ್ತವೆ. ಎತ್ತರದ ಗುಡುಗು ಮೋಡಗಳ ವಿಷಯ ಇಷ್ಟು ಸಲೀಸಲ್ಲ. ಅಲ್ಲಿ ಹೊಗೆ ಮಳೆಯನ್ನು ಜೋರು ಮಾಡುತ್ತದೆ ಅನ್ನುವವರೂ ಇದ್ದಾರೆ, ಇಲ್ಲ ಅನ್ನುವವರೂ ಇದ್ದಾರೆ.

ಮೋಡ ಬಿತ್ತನೆಯಲ್ಲೂ ಕಣವನ್ನೇ ಹಾಕುತ್ತಾರಲ್ಲ ಅನ್ನಬಹುದು. 2017ರಲ್ಲಿ ನಮ್ಮ ಸರ್ಕಾರ ‘ವರ್ಷಧಾರೆ’ ಹೆಸರಿನಲ್ಲಿ ಮಾಡಿಸಿತ್ತು, ನೆನಪಿರಬೇಕು. ಬೆಚ್ಚಗಿನ ಮೋಡಕ್ಕೆ ಹಾಕುವುದು ನೀರು ಹೀರುವ ದಪ್ಪ ಉಪ್ಪಿನ ಕಣ, ಹೊಗೆಯಲ್ಲ. ಪುಣೆಯ ಹವಾಮಾನ ಸಂಸ್ಥೆಯವರು ಸೋಲಾಪುರದಲ್ಲಿ ಇದನ್ನು ಪರೀಕ್ಷೆ ಮಾಡಿ ಮಳೆ ಸರಾಸರಿ ಶೇ. 18ರಷ್ಟು ಹೆಚ್ಚಿತು ಎಂದಿದ್ದಾರೆ. ಅದೂ ಮೋಡ ಮೊದಲೇ ಇದ್ದರೆ ಮಾತ್ರ. ಬರಿ ಆಕಾಶಕ್ಕೆ ಏನು ಬಿತ್ತಿದರೂ ದುಡ್ಡು ದಂಡ.

ಇನ್ನು ನಿಮ್ಮ ಕ್ರಷರ್ ಧೂಳು. ಅದರ ಬಹುಪಾಲು ಎಷ್ಟು ದಪ್ಪ ಅಂದರೆ, ಮೋಡದ ತನಕ ಹೋಗುವುದೇ ಇಲ್ಲ. ನಿಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೇ ಕೂರುತ್ತದೆ.

ಪ್ರಶ್ನೆ: ಗಾಳಿ ಸ್ವಚ್ಛವಾದರೆ ಭೂಮಿ ಇನ್ನೂ ಬಿಸಿಯಾಗುತ್ತದೆ ಎಂದು ಯೂಟ್ಯೂಬಿನಲ್ಲಿ ಕೇಳಿದೆ. ಸುಳ್ಳು ತಾನೇ ಮೇಡಂ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ಗದಗ

ಸುಳ್ಳಲ್ಲ ಕಣಮ್ಮ. ಗಂಧಕವಿರುವ ಕಲ್ಲಿದ್ದಲು, ಎಣ್ಣೆ ಸುಟ್ಟಾಗ ಸಲ್ಫೇಟ್ ಎಂಬ ತಿಳಿ ಬಣ್ಣದ ಕಣ ಹುಟ್ಟುತ್ತದೆ. ಅದು ಬಿಸಿಲನ್ನು ವಾಪಸ್ ಕಳಿಸುತ್ತದೆ. ಜೊತೆಗೆ, ಮೇಲೆ ಹೇಳಿದ ಸಣ್ಣ ಹನಿಗಳ ಮೋಡ ಮಾಮೂಲಿ ಮೋಡಕ್ಕಿಂತ ಬೆಳ್ಳಗಿರುತ್ತದೆ. 1970ರ ದಶಕದಲ್ಲಿ ಟೂಮಿ ಎಂಬ ವಿಜ್ಞಾನಿ ಇದನ್ನು ವಿವರಿಸಿದರು. 1991ರ ಜೂನಿನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಒಂದೂವರೆ ಕೋಟಿ ಟನ್ನಿಗೂ ಮಿಕ್ಕಿ ಸಲ್ಫರ್ ಡೈಆಕ್ಸೈಡ್ ಉಗುಳಿತು. ಮುಂದಿನ ವರ್ಷ ಇಡೀ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಯಿತು.

ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿಯ ಪ್ರಕಾರ ಕಾರ್ಬನ್ ಡೈಆಕ್ಸೈಡ್ ಭೂಮಿಯ ಪ್ರತಿ ಚದರ ಮೀಟರಿಗೆ ಸುಮಾರು 2.2 ವ್ಯಾಟ್ ಶಾಖ ಸೇರಿಸಿದೆ. ಏರೋಸಾಲ್, ಅಂದರೆ ಗಾಳಿಯಲ್ಲಿ ತೇಲುವ ಇಂಥ ಸಣ್ಣ ಕಣಗಳು ಸುಮಾರು 1.1 ವ್ಯಾಟ್ ಕಳೆದಿವೆ, ಅದರಲ್ಲಿ ಮುಕ್ಕಾಲು ಪಾಲು ಮೋಡಗಳ ಮೂಲಕ. ಆದರೆ ಆ 1.1 ಅನ್ನುವುದು 0.4ರಿಂದ 1.7ರ ನಡುವೆ ಎಷ್ಟೂ ಇರಬಹುದಂತೆ. ಪರೀಕ್ಷೆಯಲ್ಲಿ ನೀನು ಇಂಥ ಉತ್ತರ ಬರೆದರೆ ನಾನು ಮಾರ್ಕ್ಸ್ ಕೊಡುತ್ತಿರಲಿಲ್ಲ. ಹವಾಮಾನದ ಲೆಕ್ಕದಲ್ಲಿ ಅತಿ ದೊಡ್ಡ ಅನುಮಾನ ಉಳಿದಿರುವುದು ಇಲ್ಲೇ, ಮೋಡದಲ್ಲಿ.

2020ರ ಜನವರಿಯಿಂದ ಹಡಗುಗಳ ಎಣ್ಣೆಯಲ್ಲಿ ಗಂಧಕದ ಮಿತಿಯನ್ನು ಶೇ. 3.5ರಿಂದ 0.5ಕ್ಕೆ ಇಳಿಸಿದರು. ಹಡಗು ಹೋದ ದಾರಿಯ ಮೇಲೆ ಮೋಡದಲ್ಲಿ ಮೂಡುತ್ತಿದ್ದ ಬಿಳಿ ಗೆರೆಗಳು ಕಡಿಮೆಯಾದವು. ಉಪಗ್ರಹದ ಚಿತ್ರದಲ್ಲಿ ಅದು ಕಾಣುತ್ತದೆ. ಹಾಗಂತ ಕೊಳಕು ಗಾಳಿಯೇ ಇರಲಿ ಅನ್ನೋಕಾಗುತ್ತಾ? ಅದನ್ನು ಉಸಿರಾಡುವವರು ನಾವೇ ಅಲ್ವಾ.

ಪ್ರಶ್ನೆ: ‘ಕಂದು ಮೋಡ’ದ ವಿಜ್ಞಾನಿ ರಾಮನಾಥನ್ ನಮ್ಮ ಬೆಂಗಳೂರಿನವರಂತೆ, ನಿಜವೇ? ಏನಿದು ಕಂದು ಮೋಡ?
– ಓದುಗರೊಬ್ಬರು, ಬಸವನಗುಡಿ

ವೀರಭದ್ರನ್ ರಾಮನಾಥನ್ ಹುಟ್ಟಿದ್ದು ಮದ್ರಾಸಿನಲ್ಲಿ, 1944ರಲ್ಲಿ. ಹನ್ನೊಂದರ ವಯಸ್ಸಿಗೆ ಬೆಂಗಳೂರಿಗೆ ಬಂದರು. ಅಲ್ಲಿಯ ತನಕ ತಮಿಳು ಮೀಡಿಯಂ, ಇಲ್ಲಿ ಇಂಗ್ಲಿಷ್. ಕ್ಲಾಸಿಗೆ ಮುಂದಿದ್ದ ಹುಡುಗ ಕೊನೆಗೆ ಬಿದ್ದ. ಮೇಷ್ಟ್ರು ಹೇಳುವುದು ತಿಳಿಯದೆ ಎಲ್ಲವನ್ನೂ ತಾನೇ ಯೋಚಿಸಿ ಕಲಿಯುವ ಅಭ್ಯಾಸ ಬಂತು ಎಂದು ಅವರೇ ಹೇಳಿಕೊಂಡಿದ್ದಾರೆ. ಜೀವಮಾನವಿಡೀ ಪಾಠ ಹೇಳಿದ ನನಗೆ ಇದು ಅಷ್ಟೇನೂ ಹಿತವಾದ ಮಾತಲ್ಲ, ಬಿಡಿ.

ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಫ್ರಿಜ್ ಕಾರ್ಖಾನೆ ಸೇರಿದರು. ಗ್ಯಾಸ್ ಯಾಕೆ ಸೋರುತ್ತದೆ ಎಂದು ಹುಡುಕುವ ಕೆಲಸ. ಆಮೇಲೆ ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಸ್ನಾತಕೋತ್ತರ ಪದವಿ, ಅಲ್ಲಿಂದ ಅಮೆರಿಕ. 1975ರಲ್ಲಿ ಅದೇ ಫ್ರಿಜ್ ಗ್ಯಾಸಿನ ಜಾತಿಯ ಸಿಎಫ್‌ಸಿ ಬಗ್ಗೆ ಅವರ ಲೇಖನ ಬಂತು. ಒಂದು ಸಿಎಫ್‌ಸಿ ಅಣು ಸುಮಾರು ಹತ್ತು ಸಾವಿರ ಕಾರ್ಬನ್ ಡೈಆಕ್ಸೈಡ್ ಅಣುಗಳಷ್ಟು ಶಾಖ ಹಿಡಿಯುತ್ತದೆ ಎಂದು ಮೊದಲು ತೋರಿಸಿದ್ದು ಅವರೇ.

ಕಂದು ಮೋಡ ಅಸಲಿಗೆ ಮೋಡವಲ್ಲ, ಹೊಗೆಯ ಮಬ್ಬು. ಚಳಿಗಾಲದಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಒಲೆ, ವಾಹನ, ಕಾರ್ಖಾನೆಗಳ ಹೊಗೆಯೆಲ್ಲ ಅರಬ್ಬಿ ಸಮುದ್ರ, ಹಿಂದೂ ಮಹಾಸಾಗರದ ಮೇಲೆ ಹೋಗಿ ನಿಲ್ಲುತ್ತದೆ. 1999ರ ಜನವರಿಯಿಂದ ಮಾರ್ಚ್‌ವರೆಗೆ ರಾಮನಾಥನ್ ಮತ್ತು ನೊಬೆಲ್ ವಿಜ್ಞಾನಿ ಪಾಲ್ ಕ್ರುಟ್ಜೆನ್ ಮುಂದಾಳತ್ವದಲ್ಲಿ ‘ಇಂಡೋಎಕ್ಸ್’ ಅಧ್ಯಯನ ನಡೆಯಿತು. ಹಡಗು, ವಿಮಾನ, ಮಾಲ್ಡೀವ್ಸಿನ ಕಾಶಿಧೂ ದ್ವೀಪದಲ್ಲಿ ಉಪಕರಣಗಳು. ಮಬ್ಬು ಮೂರು ಕಿಲೋಮೀಟರ್ ಎತ್ತರದವರೆಗೂ ಇತ್ತು. ಅದರಲ್ಲಿ ಮಸಿಯೂ ಇತ್ತು. ತಿಳಿ ಬಣ್ಣದ ಕಣ ಬಿಸಿಲನ್ನು ಹಿಂದಕ್ಕೆ ಕಳಿಸಿದರೆ, ಮಸಿ ನುಂಗುತ್ತದೆ. ಹಾಗಾಗಿ ಕಡಲಿಗೆ ಬಿಸಿಲು ಕಡಿಮೆ, ನಡುವಿನ ಗಾಳಿಗೆ ಶಾಖ ಜಾಸ್ತಿ. ರಾಮನಾಥನ್ ಜೊತೆ ಇದರ ಲೆಕ್ಕ ಹಾಕಿದವರು ಎಸ್.ಕೆ. ಸತೀಶ್. ವಾತಾವರಣದ ತುದಿಯಲ್ಲಿ, ಅಂದರೆ ಬಿಸಿಲು ಬಾಹ್ಯಾಕಾಶಕ್ಕೆ ವಾಪಸ್ ಹೋಗಿ, ಆದ ನಷ್ಟಕ್ಕಿಂತ ಕೆಳಗೆ ಕಡಲಿಗೆ ಆದ ಬಿಸಿಲಿನ ನಷ್ಟ ಹೆಚ್ಚುಕಡಿಮೆ ಮೂರು ಪಟ್ಟು ಎಂದು 2000ದಲ್ಲಿ ಪ್ರಕಟಿಸಿದರು. ಸತೀಶ್ ಆಮೇಲೆ ಬೆಂಗಳೂರಿನ ಅದೇ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಆದರು, 2009ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದರು. 2006ರಲ್ಲಿ ರಾಮನಾಥನ್ ತಂಡ ಮಾಲ್ಡೀವ್ಸಿನಲ್ಲೇ ಮೂರು ಡ್ರೋನ್ ಹಾರಿಸಿತು. ಒಂದು ಮಬ್ಬಿನ ಕೆಳಗೆ, ಒಂದು ಒಳಗೆ, ಒಂದು ಮೇಲೆ. ಬಿಸಿಲಿನಿಂದ ಗಾಳಿಗೆ ಸಿಗುವ ಶಾಖ ಮಬ್ಬಿನಿಂದಾಗಿ ಸುಮಾರು ಶೇ. 50 ಹೆಚ್ಚಿತ್ತು.

ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ಜಗಳ. 2002ರಲ್ಲಿ ವಿಶ್ವಸಂಸ್ಥೆಯ ವರದಿ ಇದನ್ನು ‘ಏಷ್ಯಾದ ಕಂದು ಮೋಡ’ ಎಂದು ಕರೆಯಿತು. ಮುಂಗಾರಿಗೂ ಅಪಾಯ ಎಂದು ಸುದ್ದಿಯಾಯಿತು. ಬೆಂಗಳೂರಿನ ಹವಾಮಾನ ವಿಜ್ಞಾನಿಗಳಾದ ಜೆ. ಶ್ರೀನಿವಾಸನ್, ಸುಲೋಚನಾ ಗಾಡ್ಗೀಳ್ ಸುಮ್ಮನಿರಲಿಲ್ಲ. ನೀವು ಅಳೆದದ್ದು ಜನವರಿಯಿಂದ ಮಾರ್ಚ್, ಜೂನಿನಲ್ಲಿ ಗಾಳಿ ತಿರುಗುತ್ತದೆ, ಮಳೆ ಹೊಗೆಯನ್ನು ತೊಳೆದುಬಿಡುತ್ತದೆ, ಆ ಲೆಕ್ಕವನ್ನು ಮುಂಗಾರಿಗೆ ತರುವುದು ಹೇಗೆ ಎಂಬ ಧಾಟಿಯಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ನ್ಯಾಯವಾದ ಪ್ರಶ್ನೆ. ಹೆಸರಿನಿಂದ ‘ಏಷ್ಯಾ’ ಹೋಯಿತು, ‘ವಾತಾವರಣದ ಕಂದು ಮೋಡ’ ಆಯಿತು. ಕಳೆದ ಶತಮಾನದ ಎರಡನೇ ಅರ್ಧದಲ್ಲಿ ನಮ್ಮ ಮುಂಗಾರು ಕುಗ್ಗಿದ್ದರಲ್ಲಿ ಏರೋಸಾಲಿನ ಕೈವಾಡ ಇದೆ ಎಂದು ಐಪಿಸಿಸಿ ಈಗ ಹೇಳುತ್ತದೆ. ಎರಡೂ ಕಡೆಯವರ ಮಾತಿಗೆ ತೂಕ ಇತ್ತು ಅನ್ನಿ.

ಪ್ರಶ್ನೆ: ಅಡಿಕೆ ಬೇಯಿಸುವ ಒಲೆಯ ಹೊಗೆಯಿಂದ ಹವಾಮಾನ ಕೆಡುತ್ತದಾ? ಮಗ ಬೆಂಗಳೂರಿನಿಂದ ಬಂದಾಗಲೆಲ್ಲ ಹಂಗಿಸುತ್ತಾನೆ.
– ಗೃಹಿಣಿ, ತೀರ್ಥಹಳ್ಳಿ

ಅವನು ಕಾರಿನಲ್ಲಿ ಬರುತ್ತಾನಾ, ಬಸ್ಸಿನಲ್ಲಾ ಎಂದು ಮೊದಲು ಕೇಳಿ.

ಮಸಿ ಗಾಳಿಯಲ್ಲಿ ಇರುವುದು ಒಂದು ವಾರದ ಆಸುಪಾಸು, ಮಳೆ ಬಂದರೆ ಅದಕ್ಕಿಂತ ಕಡಿಮೆ. ಕಾರಿನ ಕಾರ್ಬನ್ ಡೈಆಕ್ಸೈಡಿನಲ್ಲಿ ಒಂದು ಪಾಲು ಶತಮಾನಗಳ ಕಾಲ ಉಳಿಯುತ್ತದೆ. ಆದರೆ ನಿಮ್ಮ ಕಣ್ಣಿಗೆ, ಎದೆಗೆ ಆ ಒಲೆ ಒಳ್ಳೆಯದಲ್ಲ, ಅದು ಮಾತ್ರ ಖಂಡಿತ. ಹಸಿ ಸೌದೆ ಹಾಕಬೇಡಿ, ಹೊಗೆ ಹೆಚ್ಚುವುದೇ ಅದರಿಂದ. ಚಿಮಣಿ ಹಾಕಿಸಿ. ಹಂಡೆಯ ಹೊರಗೆ ಮಸಿ ದಪ್ಪಗೆ ಕಟ್ಟಿದ್ದರೆ ಶಾಖ ಒಳಗೆ ಸರಿಯಾಗಿ ದಾಟುವುದಿಲ್ಲ, ಸೌದೆ ಜಾಸ್ತಿ ಬೇಕಾಗುತ್ತದೆ. ವರ್ಷಕ್ಕೊಮ್ಮೆ ಕೆರೆದು ತೆಗೆಸಿ. ಮಗ ಮುಂದಿನ ಸಲ ಬಂದಾಗ ಆ ಕೆಲಸ ಅವನಿಗೇ ವಹಿಸಿ.