ಒಂದು ಕೊಲೆಯಿಂದ ಮಹಾಯುದ್ಧವೇ?

ಪ್ರಶ್ನೆ: ಸರಯೇವೋದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯೇ ಮೊದಲ ಮಹಾಯುದ್ಧಕ್ಕೆ ಕಾರಣ ಎಂದು ಶಾಲೆಯಲ್ಲಿ ಓದಿದ್ದೆ. ಒಂದು ಕೊಲೆಗಾಗಿ ಇಡೀ ಯುರೋಪು ಕಾದಾಡಿತೇ?

ಉತ್ತರ: ಕೊಲೆ ನೆಪವಾಯಿತು, ಅಷ್ಟೆ. ಅದು ನಡೆದದ್ದು 1914ರ ಜೂನ್ 28ರಂದು. ಕೊಲೆಗೆ ನೆರೆಯ ಸರ್ಬಿಯಾವೇ ಹೊಣೆ ಎಂದು ಆಸ್ಟ್ರಿಯಾ ಅದರ ಮೇಲೆ ಯುದ್ಧ ಸಾರಿದ್ದು ಜುಲೈ 28ರಂದು. ನಡುವಿನ ತಿಂಗಳಲ್ಲಿದೆ ಉತ್ತರ. ಜುಲೈ 5ರಂದು ಜರ್ಮನಿ ಆಸ್ಟ್ರಿಯಾಕ್ಕೆ ಪೂರ್ಣ ಬೆಂಬಲದ ಮಾತು ಕೊಟ್ಟಿತು. ಆ ಧೈರ್ಯದ ಮೇಲೆ ಆಸ್ಟ್ರಿಯಾ 23ರಂದು ಸರ್ಬಿಯಾಕ್ಕೆ 48 ಗಂಟೆಗಳ ಗಡುವು ವಿಧಿಸಿತು. ಸರ್ಬಿಯಾ ಬಹುಪಾಲು ಷರತ್ತುಗಳಿಗೆ ತಲೆಬಾಗಿದರೂ ತನ್ನ ನೆಲದಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ತನಿಖೆಗೆ ಕೈಹಾಕುವುದನ್ನು ಒಪ್ಪಲಿಲ್ಲ.

ಇಲ್ಲಿಗೆ ಇದು ಬಾಲ್ಕನ್ ಜಗಳವೇ. ಅದನ್ನು ಹಿಗ್ಗಿಸಿದ್ದು ರೈಲು ವೇಳಾಪಟ್ಟಿ. ಲಕ್ಷಾಂತರ ಮೀಸಲು ಸೈನಿಕರನ್ನು ಕರೆಸಿ, ಕುದುರೆ, ಫಿರಂಗಿ, ಮೇವಿನೊಡನೆ ಗಡಿಗೆ ಸಾಗಿಸುವ ಯೋಜನೆ ಎಲ್ಲ ದೇಶಗಳಲ್ಲೂ ಮೊದಲೇ ಸಿದ್ಧವಿತ್ತು. ಜರ್ಮನಿಯ ಲೆಕ್ಕ ಹೀಗಿತ್ತು: ವಿಶಾಲ ರಷ್ಯಾ ಸೇನೆ ಕೂಡಿಸಲು ತಡಮಾಡುತ್ತದೆ, ಅಷ್ಟರೊಳಗೆ, ಸುಮಾರು ಆರು ವಾರಗಳಲ್ಲಿ, ಬೆಲ್ಜಿಯಂ ಮೂಲಕ ನುಗ್ಗಿ ರಷ್ಯಾದ ಮಿತ್ರ ಫ್ರಾನ್ಸನ್ನು ಮುಗಿಸಬೇಕು. ಹಾಗಾಗಿ ಜುಲೈ 30ರಂದು, ಸರ್ಬಿಯಾದ ಬೆನ್ನಿಗೆ ನಿಂತ ರಷ್ಯಾ ಪೂರ್ಣ ಸೇನಾ ಜಮಾವಣೆಗೆ ಆಜ್ಞೆ ಹೊರಡಿಸಿದೊಡನೆ ಜರ್ಮನಿಗೆ ಪ್ರತಿ ದಿನವೂ ನಷ್ಟದ ಬಾಬತ್ತಾಯಿತು. ಆಗಸ್ಟ್ 1ರಂದು ಜರ್ಮನಿಯ ಚಕ್ರವರ್ತಿ ಕೈಸರ್ ಪೂರ್ವಕ್ಕಷ್ಟೇ, ಅಂದರೆ ರಷ್ಯಾದ ಕಡೆಗಷ್ಟೇ ಹೋಗೋಣ ಎಂದಾಗ ಸೇನಾ ಮುಖ್ಯಸ್ಥ ಮೋಲ್ಟ್ಕೆ, ಯೋಜನೆ ತಿರುಗಿಸಲಾಗದು ಎಂದ. ಆಗಸ್ಟ್ 4ರಂದು ಜರ್ಮನ್ ಸೇನೆ ಬೆಲ್ಜಿಯಂ ಗಡಿ ದಾಟಿದ ಮೇಲೆ, ಆ ದೇಶದ ತಟಸ್ಥತೆಗೆ 1839ರಲ್ಲಿ ಸಹಿ ಹಾಕಿದ್ದ ಬ್ರಿಟನ್ನೂ ಯುದ್ಧಕ್ಕಿಳಿಯಿತು.

ಎಲ್ಲವನ್ನೂ ಮೈತ್ರಿ ಒಪ್ಪಂದಗಳ ತಲೆಗೆ ಕಟ್ಟುವುದು ನಮ್ಮ ಪಠ್ಯಗಳ ಸೋಮಾರಿತನ. 1882ರಿಂದ ಜರ್ಮನಿ, ಆಸ್ಟ್ರಿಯಾಗಳ ಜೊತೆಗಿದ್ದ ಇಟಲಿ, ಒಪ್ಪಂದ ರಕ್ಷಣೆಗೆ ಮಾತ್ರ ಎಂದು ಹೇಳಿ ಹೊರಗುಳಿಯಿತು. 1915ರಲ್ಲಿ ಎದುರು ಪಾಳಯಕ್ಕೇ ಸೇರಿತು.

ಪ್ರಶ್ನೆ: ಹಾಗಾದರೆ ಮೈಸೂರಿನ ಕುದುರೆ ಪಡೆ ಪ್ಯಾಲೆಸ್ಟೈನಿನ ಹೈಫಾ ಬಂದರಿಗೆ ಹೋದದ್ದೇಕೆ?

ಉತ್ತರ: ಬ್ರಿಟಿಷ್ ದೊರೆಯ ಯುದ್ಧ ಘೋಷಣೆಗೆ ಭಾರತದ ಒಪ್ಪಿಗೆ ಬೇಕಿರಲಿಲ್ಲ. ಸಂಸ್ಥಾನಗಳು ಸಾಮ್ರಾಜ್ಯದ ಸೇವೆಗೆಂದೇ ಪಡೆಗಳನ್ನು ಸಾಕುತ್ತಿದ್ದವು. 1914ರ ಕೊನೆಗೆ ತುರ್ಕಿ ಜರ್ಮನಿಯ ಪಕ್ಷ ಸೇರಿದ್ದರಿಂದ ಸೂಯೆಜ್ ಕಾಲುವೆಗೆ ಅಪಾಯ ಬಂತು. ಅಲ್ಲಿಂದ ಪ್ಯಾಲೆಸ್ಟೈನಿಗೆ ಸರಿದ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳು (ಭರ್ಜಿ ಹಿಡಿದ ಸವಾರರು) ಹೈಫಾ ಗೆದ್ದರು.